ಬಿಸಿಲಿಗೂ ಸೈ, ಕತ್ತಲಿಗೂ ಸೈ: ಒಂದು ಸ್ಕ್ರೀನಿನ ಚರಿತ್ರೆ

ಬೀಸೋಕಲ್ಲು, ಸೀಮೆಎಣ್ಣೆ ಸ್ಟವ್ವು, ಹಾಲಿನ ಕೂಪನ್ನು ಅಂತ ಹಳೇ ಸಾಮಾನಿನ ಚರಿತ್ರೆನೇ ಬರೀತಾ ಇದ್ದೀನಿ ಅಂತ ನಮ್ಮ ಓರಗಿತ್ತಿ ರೇಗಿಸ್ತಿದ್ಲು. ಅದಕ್ಕೆ ಈ ಸಲ ಎಲ್ಲರ ಕೈಲೂ ಇರೋದೊಂದನ್ನ ಹಿಡಿದಿದ್ದೀನಿ: ಸ್ಕ್ರೀನು. ಟೀವಿ, ಸಿನಿಮಾ ಸ್ಕ್ರೀನಲ್ಲ. ಅಂಗೈಯಗಲದ್ದು, ಬೆರಳಗಲದ್ದು.

ನಿಮ್ಮನೇಲಿ ಎಷ್ಟು ಸ್ಕ್ರೀನ್ ಇವೆ ಅಂತ ಒಂದ್ಸಲ ಎಣಿಸಿ ನೋಡಿ. ನಮ್ಮನೇಲಿ ಎಣಿಸಿದ್ರೆ ಕ್ಯಾಲ್ಕ್ಯುಲೇಟರು, ಬಿಪಿ ನೋಡೋ ಮಷಿನ್ನು, ಜ್ವರ ನೋಡೋ ಕಡ್ಡಿ, ಮೆಟ್ಟಿಲ ಕೆಳಗಿನ ಕರೆಂಟ್ ಮೀಟರು, ನಮ್ಮತ್ತೆ ಹಳೇ ಫೋನು, ನಮ್ಮೆಲ್ಲರ ಸ್ಮಾರ್ಟ್‌ಫೋನು. ಇವನ್ನ ಮೂರು ಗುಂಪು ಮಾಡಬಹುದು. ಕ್ಯಾಲ್ಕ್ಯುಲೇಟರು ಬಿಸಿಲಲ್ಲಿ ಹಿಡಿದಷ್ಟೂ ಚೆನ್ನಾಗಿ ಕಾಣುತ್ತೆ, ಕತ್ತಲಲ್ಲಿ ಕುರುಡು. ಸ್ಮಾರ್ಟ್‌ಫೋನು ಕತ್ತಲಲ್ಲಿ ಫಳಫಳ, ಬಿಸಿಲಿಗೆ ಹೋದ್ರೆ ಮಂಕು. ಮೂರನೇದು ನಮ್ಮತ್ತೆ ಹಳೇ ಬಟನ್ ಫೋನು: ಬಿಸಿಲಲ್ಲಿ ಬಿಸಿಲಿನ ಬೆಳಕನ್ನೇ ಉಪಯೋಗಿಸಿಕೊಳ್ಳುತ್ತೆ, ಕತ್ತಲಾದ್ರೆ ಹಿಂದಿನ ದೀಪ ಹತ್ತಿಸಿಕೊಳ್ಳುತ್ತೆ. ಇದಕ್ಕೆ ಟ್ರಾನ್ಸ್‌ಫ್ಲೆಕ್ಟಿವ್ ಸ್ಕ್ರೀನ್ ಅಂತಾರೆ. ಹೆಸರು ಬಾಯಲ್ಲಿ ಹೊರಳೋದು ಕಷ್ಟ, ವಿಷಯ ಸುಲಭ. ಇದರ ಚರಿತ್ರೆಯ ಎರಡು ಮುಖ್ಯ ತುಂಡುಗಳು ನಮ್ಮ ರಾಜಾಜಿನಗರದಿಂದ ಆಟೋದಲ್ಲಿ ಹೋಗಿಬರೋವಷ್ಟು ದೂರದಲ್ಲೇ ಇವೆ ಅಂತ ತಿಳಿದಾಗ ನನಗೆ ಬರೀದೇ ಇರೋಕ್ಕಾಗ್ಲಿಲ್ಲ.

ಮೊದಲು ಕ್ಯಾರೆಟ್ಟು. ಹೌದು, ಹಲ್ವಾ ಮಾಡೋ ಕ್ಯಾರೆಟ್ಟೇ. 1888ರಲ್ಲಿ ಪ್ರಾಗ್ ಊರಿನ ಫ್ರೀಡ್ರಿಚ್ ರೈನಿಟ್ಜರ್ ಅನ್ನೋ ಸಸ್ಯಶಾಸ್ತ್ರಜ್ಞ ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಪದಾರ್ಥ ಕಾಯಿಸ್ತಾ ಇದ್ದ. ಅದು ಎರಡು ಸಲ ಕರಗ್ತು. 145 ಡಿಗ್ರಿ ಹತ್ರ ಗಟ್ಟಿಯಿಂದ ಮೋಡಮೋಡವಾದ ನೀರಿನಂಗಾಯ್ತು, ಇನ್ನೂ ಕಾಯಿಸಿದ್ಮೇಲೆ 178ರ ಹತ್ರ ತಿಳಿಯಾಯ್ತು. ಆ ನಡುವಿನ ಮೋಡದ ಸ್ಥಿತಿ ಇದ್ಯಲ್ಲ, ಅದೇ ಲಿಕ್ವಿಡ್ ಕ್ರಿಸ್ಟಲ್, ದ್ರವ ಹರಳು. ಹರಿಯೋದು ನೀರಿನ ಥರ, ಒಳಗಿನ ಅಣುಗಳು ಮಾತ್ರ ಹರಳಿನ ಥರ ಶಿಸ್ತಾಗಿ ಒಂದೇ ದಿಕ್ಕಿಗೆ. ಪೊಟ್ಟಣದಲ್ಲಿರೋ ಊದುಬತ್ತಿ ನೆನೆಸ್ಕೊಳ್ಳಿ: ಒಂದು ಮುಂದೆ ಒಂದು ಹಿಂದೆ ಜಾರಬಹುದು, ಆದ್ರೆ ಎಲ್ಲಾ ಒಂದೇ ಕಡೆ ಮಲಗಿರುತ್ವೆ.

ಎಂಬತ್ತು ವರ್ಷ ಇದು ಬರೀ ಪ್ರಯೋಗಶಾಲೆ ಕುತೂಹಲ. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್‌ಮೇಯರ್ ತಂಡ ಇದ್ರಿಂದ ಅಂಕಿ ತೋರಿಸ್ಬಹುದು ಅಂತ ಮಾಡಿ ತೋರಿಸ್ತು. 1970ರ ಕೊನೇಲಿ ಸ್ವಿಟ್ಜರ್ಲೆಂಡಿನ ಒಂದು ಔಷಧಿ ಕಂಪನಿಯಲ್ಲಿದ್ದ ಶಾಟ್ ಮತ್ತು ಹೆಲ್‌ಫ್ರಿಕ್ ಅನ್ನೋ ಇಬ್ಬರು, ಇವತ್ತಿನ ಕ್ಯಾಲ್ಕ್ಯುಲೇಟರಲ್ಲೂ ಇರೋ ತಿರುಚಿನ ವಿಧಾನ ಕಂಡುಹಿಡಿದ್ರು.

ತಿರುಚೋದು ಅಂದ್ರೇನು? ನಾನು ಪಿಯುಸಿಲಿ ಫಿಸಿಕ್ಸ್ ಓದಿದವಳೇ. ಆದ್ರೆ ಪೋಲರೈಸೇಶನ್ ಅನ್ನೋದು ಆಗ ಬಾಯಿಪಾಠ, ಈಗ ಅರ್ಥ. ಬೆಳಕು ಒಂದು ಅಲೆ. ಅದು ಮೇಲೆ-ಕೆಳಗೆ, ಅಡ್ಡಡ್ಡ, ಓರೆ, ಎಲ್ಲಾ ಕಡೆ ಅಲ್ಲಾಡ್ತಿರುತ್ತೆ. ಪೋಲರೈಸರ್ ಅನ್ನೋ ಹಾಳೆ ಕಿಟಕಿ ಸರಳಿನ ಥರ: ಉದ್ದುದ್ದ ಹಿಡಿದ ತಟ್ಟೆ ತೂರುತ್ತೆ, ಅಡ್ಡ ಹಿಡಿದ್ರೆ ತೂರಲ್ಲ. ಉದ್ದ ಸರಳಿನ ಕಿಟಕಿ ಒಂದು, ಅದರ ಹಿಂದೆ ಅಡ್ಡ ಸರಳಿನ ಕಿಟಕಿ ಇನ್ನೊಂದು ಇಟ್ರೆ ಏನೂ ತೂರಲ್ಲ, ಪೂರ್ತಿ ಕತ್ತಲೆ. ಈಗ ಎರಡರ ಮಧ್ಯೆ ದ್ರವ ಹರಳು ತುಂಬಿ. ಒಗೆದ ಪಂಚೆ ಹಿಂಡೋವಾಗ ಒಂದು ತುದಿ ನೇರ ಹಿಡಿದು ಇನ್ನೊಂದು ತುದಿ ಕಾಲು ಸುತ್ತು ತಿರುಗಿಸ್ತೀವಲ್ಲ, ಹಾಗೆ ಅಣುಗಳ ಸಾಲು ಒಂದು ಗಾಜಿನಿಂದ ಇನ್ನೊಂದು ಗಾಜಿಗೆ ಕಾಲು ಸುತ್ತು ತಿರುಚಿಕೊಂಡಿರುತ್ತೆ. ಬೆಳಕೂ ಅದರ ಜೊತೆ ತಿರುಗಿ ಎರಡನೇ ಕಿಟಕಿಲಿ ಆರಾಮಾಗಿ ಹೊರಗೆ ಬರುತ್ತೆ. ಒಂಚೂರು ವಿದ್ಯುತ್ ಕೊಟ್ರೆ ಅಣುಗಳು ಸೆಟೆದು ನಿಲ್ಲುತ್ವೆ, ತಿರುಚು ಬಿಚ್ಚಿಹೋಗುತ್ತೆ, ಬೆಳಕು ಎರಡನೇ ಕಿಟಕಿಲಿ ಸಿಕ್ಕಿಹಾಕ್ಕೊಳ್ಳುತ್ತೆ. ಆ ಜಾಗ ಕಪ್ಪು. ಕ್ಯಾಲ್ಕ್ಯುಲೇಟರಿನ ಕಪ್ಪು ಅಂಕಿ ಅಂದ್ರೆ ಅಷ್ಟೇ. ಪೋಲರೈಸ್ಡ್ ಅಂತ ಬರೆದಿರೋ ಕೂಲಿಂಗ್ ಗ್ಲಾಸ್ ಮನೇಲಿದ್ರೆ ಅದನ್ನ ಕ್ಯಾಲ್ಕ್ಯುಲೇಟರ್ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ಒಂದು ಕೋನದಲ್ಲಿ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತೆ. ಮೊಮ್ಮಕ್ಕಳಿಗೆ ತೋರಿಸೋಕೆ ಚೆನ್ನಾಗಿರುತ್ತೆ.

ಗಮನಿಸಿ, ಇಲ್ಲಿ ಸ್ಕ್ರೀನು ತಾನೇ ಬೆಳಗ್ತಾ ಇಲ್ಲ. ಬರೀ ಬಾಗಿಲು ತೆಗೀತಾ, ಹಾಕ್ತಾ ಇದೆ. ಬೆಳಕು ಎಲ್ಲಿಂದ ಬರಬೇಕು ಅನ್ನೋದೇ ಮುಂದಿನ ಜಗಳವೆಲ್ಲಾ.

ದ್ರವ ಹರಳಿಗೆ ಮೊದಲು ಬಂದ ಡಿಜಿಟಲ್ ವಾಚುಗಳು ಕೆಂಪು ಎಲ್‌ಇಡಿಯವು. 1972ರಲ್ಲಿ ಮಾರಾಟಕ್ಕೆ ಬಂದ ಪಲ್ಸರ್ ವಾಚಿನ ಬೆಲೆ 2,100 ಡಾಲರ್. ಅಷ್ಟು ಕೊಟ್ಟು ತಗೊಂಡ್ರೂ ಟೈಮ್ ನೋಡೋಕೆ ಒಂದು ಗುಂಡಿ ಒತ್ತಬೇಕು, ಯಾಕಂದ್ರೆ ಸದಾ ಉರಿದ್ರೆ ಬ್ಯಾಟರಿ ಖಾಲಿ. ಬಿಸಿಲಲ್ಲಂತೂ ಕಾಣೋದೇ ಕಷ್ಟ. 1973ರಲ್ಲಿ ಜಪಾನಿನ ಶಾರ್ಪ್ ಕಂಪನಿ ಇಎಲ್-805 ಅನ್ನೋ ಕ್ಯಾಲ್ಕ್ಯುಲೇಟರಿಗೆ ದ್ರವ ಹರಳಿನ ಸ್ಕ್ರೀನ್ ಹಾಕ್ತು, ಅದೇ ವರ್ಷ ಸೀಕೋ ವಾಚಿಗೆ ಹಾಕ್ತು. ಹಿಂದೆ ಒಂದು ಕನ್ನಡಿ, ಮುಂದಿನಿಂದ ಬಂದ ಬೆಳಕೇ ಹೋಗಿ ತಗುಲಿ ವಾಪಸ್ಸು ಬರುತ್ತೆ. ದೀಪವೇ ಬೇಡ. ಬ್ಯಾಟರಿ ತಿಂಗಳುಗಟ್ಟಲೆ ಬರ್ತಿತ್ತು. ತೊಂದರೆ ಒಂದೇ, ರಾತ್ರಿ.

ರಾತ್ರಿಗೆ ಮೊದಮೊದಲು ವಾಚಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಬಲ್ಬ್ ಇಟ್ರು. ಒಂದು ಮೂಲೆ ಬೆಳಗಿ ಇನ್ನೊಂದು ಮೂಲೆ ಕತ್ತಲೆ. ಹಿಂದಿನಿಂದ ದೀಪ ಹಾಕೋಣ ಅಂದ್ರೆ ಅಲ್ಲಿ ಕನ್ನಡಿ ಅಡ್ಡ. ಕನ್ನಡಿ ತೆಗೆದ್ರೆ ಬಿಸಿಲಲ್ಲಿ ಕಾಣಲ್ಲ. ಇದಕ್ಕೆ ಕಂಡ ದಾರಿ ಅರೆಗನ್ನಡಿ. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಿರ್ತಿದ್ರಲ್ಲ, ಹಗಲಲ್ಲಿ ಹೊರಗೆ ನಿಂತು ನೋಡಿದ್ರೆ ನಮ್ಮ ಮುಖವೇ ಕಾಣೋದು, ರಾತ್ರಿ ಒಳಗೆ ಲೈಟ್ ಹಾಕಿದ್ರೆ ಒಳಗೆ ಕೂತವರು ಕಾಣೋರು. ಅದೇ ಲೆಕ್ಕ. ಮುಂದಿನಿಂದ ಬಿದ್ದ ಬೆಳಕಿನ ಒಂದಷ್ಟನ್ನ ವಾಪಸ್ಸು ಕಳಿಸುತ್ತೆ, ಹಿಂದಿನ ದೀಪದ ಒಂದಷ್ಟನ್ನ ಮುಂದಕ್ಕೆ ಬಿಡುತ್ತೆ. ಆಮೇಲೆ ಇನ್ನೂ ಜಾಣತನ ಬಂತು: ಸ್ಕ್ರೀನಿನ ಒಂದೊಂದು ಚುಕ್ಕಿಯನ್ನೂ ಎರಡು ಭಾಗ ಮಾಡಿ ಒಂದರಲ್ಲಿ ಪೂರ್ತಿ ಕನ್ನಡಿ, ಇನ್ನೊಂದರಲ್ಲಿ ಪೂರ್ತಿ ಕಿಂಡಿ ಇಟ್ರು. ಮನೆ ಒಂದೇ, ಮಾಳಿಗೆ ಬೇರೆ ನೆಲ ಬೇರೆ ಅನ್ನೋ ಹಾಗೆ.

ಅಲ್ಲೊಂದು ತೊಡಕು. ಬಿಸಿಲಿನ ಬೆಳಕು ದ್ರವ ಹರಳನ್ನ ಎರಡು ಸಲ ದಾಟುತ್ತೆ, ಒಳಗೆ ಹೋಗೋವಾಗ ಒಂದು, ಕನ್ನಡಿಗೆ ತಗುಲಿ ಬರೋವಾಗ ಒಂದು. ಹಿಂದಿನ ದೀಪದ ಬೆಳಕು ಒಂದೇ ಸಲ. ಹೀಗಾದ್ರೆ ಎರಡಕ್ಕೂ ಒಂದೇ ಹದ ಹೇಗೆ ಬರುತ್ತೆ? ಅದಕ್ಕೆ ಕೆಲವು ಸ್ಕ್ರೀನಲ್ಲಿ ಕನ್ನಡಿ ಇರೋ ಕಡೆ ದ್ರವದ ಆಳವನ್ನ ಅರ್ಧ ಮಾಡ್ತಾರೆ. ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳು ಜಾಗದಲ್ಲಿ ಮೆಟ್ಟಿಲು ಕಟ್ಟೋ ಕೆಲಸ. ಅದಕ್ಕೇ ಬೆಲೆ ಹೆಚ್ಚು.

ಇನ್ನೊಂದು ತೊಡಕು ಬಣ್ಣದ್ದು, ಇಲ್ಲೇ ನಮ್ಮ ಬೆಂಗಳೂರು ಬರೋದು. ಕನ್ನಡಿ ಒಳಗೇ ಇರೋ ಸ್ಕ್ರೀನಲ್ಲಿ ಕಪ್ಪನ್ನ ನಿಜವಾದ ಕಪ್ಪು ಮಾಡ್ಬೇಕಾದ್ರೆ, ಒಳಗೆ ಹೋದ ಬೆಳಕು ಕನ್ನಡಿಗೆ ತಗುಲಿ ವಾಪಸ್ಸು ಬಂದಾಗ ಕಿಟಕಿಗೆ ಅಡ್ಡಡ್ಡ ಆಗಿರ್ಬೇಕು. ಅದಕ್ಕೆ ಕಾಲಲೆ ಹಾಳೆ ಅಂತ ಒಂದು ಹಾಕ್ತಾರೆ. ಅದು ನೇರ ಅಲ್ಲಾಡೋ ಬೆಳಕನ್ನ ಸುತ್ತಿ ಸುತ್ತಿ ಹೋಗೋ ಹಾಗೆ ಮಾಡುತ್ತೆ. ಕನ್ನಡಿಗೆ ತಗುಲಿದ್ಮೇಲೆ ಸುತ್ತು ಉಲ್ಟಾ. ಮತ್ತೆ ಅದೇ ಹಾಳೆ ದಾಟಿದ್ರೆ ಅಡ್ಡ ಬೆಳಕು, ಕಿಟಕಿಲಿ ನಿಂತೋಗುತ್ತೆ. ಸರಿ, ಆದ್ರೆ ಆ ಹಾಳೆ ಒಂದು ಬಣ್ಣಕ್ಕೆ ಮಾತ್ರ ಸರಿಯಾಗಿ ಕೂರುತ್ತೆ. ಹಸಿರಿಗೆ ಹೊಂದಿಸಿದ್ರೆ ಕೆಂಪು, ನೀಲಿ ಸೋರುತ್ವೆ. ಕಪ್ಪು ಅನ್ನೋದು ನೇರಳೆ ಮಿಶ್ರಿತ ಬೂದಿಯಾಗುತ್ತೆ.

1955ರಲ್ಲೇ ಇದಕ್ಕೆ ಉತ್ತರ ಬರೆದಿಟ್ಟವರು ರಾಮನ್ ಸಂಶೋಧನಾ ಸಂಸ್ಥೆಯ ಶಿವರಾಮಕೃಷ್ಣ ಪಂಚರತ್ನಂ. ಆಗ ಅವರಿಗೆ 21 ವರ್ಷ. ಸರ್ ಸಿ.ವಿ. ರಾಮನ್ ಅವರ ಸೋದರಳಿಯ. ಸದಾಶಿವನಗರದ ಹತ್ರ, ಮೇಖ್ರಿ ಸರ್ಕಲ್ ಕಡೆ ಹೋಗೋವಾಗ ಮರಗಳ ಮಧ್ಯೆ ಇದ್ಯಲ್ಲ, ಅದೇ ಸಂಸ್ಥೆ. ಆಗ ಯಾವ ಸ್ಕ್ರೀನೂ ಇರ್ಲಿಲ್ಲ, ಟೀವಿನೂ ಬೆಂಗಳೂರಿಗೆ ಬಂದಿರ್ಲಿಲ್ಲ. ಅವರು ನೋಡ್ತಿದ್ದಿದ್ದು ಹರಳುಗಳ ಮೂಲಕ ಬೆಳಕು ಹೇಗೆ ಹೋಗುತ್ತೆ ಅನ್ನೋದನ್ನ. ಒಂದು ಹಾಳೆ ಮಾಡೋ ತಪ್ಪನ್ನ ಇನ್ನೊಂದು ಹಾಳೆ ಸರಿಮಾಡೋ ಹಾಗೆ, ಹಲವು ಹಾಳೆಗಳನ್ನ ಬೇರೆ ಬೇರೆ ಕೋನದಲ್ಲಿ ಜೋಡಿಸಿದ್ರೆ ಎಲ್ಲಾ ಬಣ್ಣಕ್ಕೂ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡುತ್ತೆ ಅಂತ ತೋರಿಸಿದ್ರು. ಸಾರಿಗೆ ಹುಳಿ ಹೆಚ್ಚಾಯ್ತು ಅಂತ ಬೆಲ್ಲ, ಬೆಲ್ಲ ಎದ್ದು ಕಾಣ್ತು ಅಂತ ಉಪ್ಪು ಹಾಕಿ ಹದ ತರ್ತೀವಲ್ಲ, ಅದೇ ಬುದ್ಧಿ. ನಲವತ್ತು ವರ್ಷ ಕಳೆದ್ಮೇಲೆ ಬಿಸಿಲಿಗೂ ಕತ್ತಲಿಗೂ ಆಗೋ ಬಣ್ಣದ ಸ್ಕ್ರೀನ್ ಮಾಡೋರು ಇದೇ ಉಪಾಯಕ್ಕೆ ಬಂದು, ಒಂದು ಅರ್ಧಲೆ ಹಾಳೆ, ಒಂದು ಕಾಲಲೆ ಹಾಳೆ ಓರೆಯಾಗಿ ಜೋಡಿಸಿದ್ರು.

ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲವು ವರ್ಷ ಪಾಠ ಮಾಡಿ ಆಕ್ಸ್‌ಫರ್ಡಿಗೆ ಹೋದ್ರು. 1969ರಲ್ಲಿ ಅಲ್ಲೇ ತೀರಿಕೊಂಡ್ರು. ವಯಸ್ಸು ಬರೀ 35. ಅವರು 1956ರಲ್ಲಿ ಬರೆದ ಇನ್ನೊಂದು ಲೇಖನದ ಮಹತ್ವ ಹೊರಗಿನ ಜಗತ್ತಿಗೆ ಗೊತ್ತಾಗಿದ್ದು ಎಂಬತ್ತರ ದಶಕದಲ್ಲಿ, ಇಂಗ್ಲೆಂಡಿನ ಮೈಕೆಲ್ ಬೆರ್ರಿ ಅದೇ ಜಾತಿಯ ವಿಷಯ ಕಂಡುಕೊಂಡ್ಮೇಲೆ. ಈಗ ಅದನ್ನ ಇಬ್ಬರ ಹೆಸರಲ್ಲೂ ಕರೀತಾರೆ. ಪಾಪ, ನೋಡೋಕೆ ಅವರಿರ್ಲಿಲ್ಲ.

ಅವರಣ್ಣ ಶಿವರಾಮಕೃಷ್ಣ ಚಂದ್ರಶೇಖರ್ ಅವರ ಕಥೆ ಇನ್ನೊಂದು. (ನೊಬೆಲ್ ಬಂದ ಚಂದ್ರಶೇಖರ್ ಬೇರೆ. ಇಬ್ಬರೂ ರಾಮನ್ ಸಂಬಂಧಿಕರೇ, ಹೆಸರೂ ಒಂದೇ, ಓದೋರಿಗೆ ತಲೆಕೆಡುತ್ತೆ.) 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿ ಹೋದೋರು ಅಲ್ಲೇ ದ್ರವ ಹರಳಿನ ಕೆಲಸ ಶುರು ಮಾಡಿದ್ರು. 1971ರಲ್ಲಿ ರಾಮನ್ ಸಂಸ್ಥೆಗೆ ವಾಪಸ್ ಬಂದು ದ್ರವ ಹರಳಿನ ಪ್ರಯೋಗಶಾಲೆ ಕಟ್ಟಿದ್ರು. 1977ರಲ್ಲಿ ಅವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಸೇರಿ ಒಂದು ಹೊಸ ವಿಷಯ ಪ್ರಕಟಿಸಿದ್ರು. ಅಲ್ಲಿವರೆಗೆ ಇಂಥ ದ್ರವ ಹರಳು ಅಂದ್ರೆ ಊದುಬತ್ತಿ ಆಕಾರದ ಅಣುಗಳೇ. ಇವರು ನಿಪ್ಪಟ್ಟಿನ ಆಕಾರದ ಅಣುಗಳೂ ದ್ರವ ಹರಳಾಗುತ್ವೆ, ಡಬ್ಬದಲ್ಲಿ ನಿಪ್ಪಟ್ಟು ಜೋಡಿಸಿದ ಹಾಗೆ ಒಂದರ ಮೇಲೊಂದು ಕೂತು ಕಂಬ ಕಟ್ಟುತ್ವೆ ಅಂತ ತೋರಿಸಿದ್ರು. ಪ್ರಕಟವಾಗಿದ್ದು ಪ್ರಮಾಣ ಅನ್ನೋ ನಮ್ಮ ಬೆಂಗಳೂರಿನ ಪತ್ರಿಕೆಯಲ್ಲೇ. ಹಳೇ ಕಂಪ್ಯೂಟರ್ ಸ್ಕ್ರೀನ್ ಪಕ್ಕದಿಂದ ನೋಡಿದ್ರೆ ಮುಖಗಳು ಫೋಟೋ ನೆಗೆಟಿವ್ ಥರ ಕಾಣ್ತಿದ್ವು, ನೆನಪಿದ್ಯಾ? ತೊಂಬತ್ತರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಆ ದೋಷ ಕಡಿಮೆ ಮಾಡೋಕೆ ತಂದ ಫಿಲ್ಮಿನಲ್ಲಿ ಇರೋದು ಈ ನಿಪ್ಪಟ್ಟಿನ ಜಾತಿ ಅಣುಗಳೇ.

1991ರಲ್ಲಿ, ರಿಟೈರಾದ ಮೇಲೆ, ಚಂದ್ರಶೇಖರ್ ಅವರು ಬಿಇಎಲ್ ಸಹಕಾರದಿಂದ ಜಾಲಹಳ್ಳಿಯಲ್ಲಿ ದ್ರವ ಹರಳಿನ ಸಂಶೋಧನಾ ಕೇಂದ್ರ ಶುರು ಮಾಡಿದ್ರು. ಜಾಲಹಳ್ಳಿ ಅಂದ್ರೆ ನಮ್ಮ ಕಡೆಯೋರಿಗೆ ಎಚ್‌ಎಂಟಿ ವಾಚು, ಬಿಇಎಲ್ ಬಸ್ಸು, ಅಷ್ಟೇ. ಆ ಕೇಂದ್ರ ಈಗ ಹೆಸರು ಬದಲಾಗಿ, ಊರಾಚೆ ದಾಸನಪುರ ಹೋಬಳಿ ಶಿವನಪುರದಲ್ಲಿದೆ. ಚಂದ್ರಶೇಖರ್ 2004ರಲ್ಲಿ ತೀರಿಕೊಂಡ್ರು.

ಅದೇ 2004ರಲ್ಲಿ ಸಿಂಪ್ಯೂಟರ್ ಅಂಗಡಿಗೆ ಬಂತು. ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರುಗಳು 1998ರಿಂದ ಕೂತು ಯೋಚಿಸಿದ ಕೈಗಂಪ್ಯೂಟರು, ಅಮಿಡಾ ಹೆಸರಲ್ಲಿ ತಯಾರು ಮಾಡಿದ್ದು ಬಿಇಎಲ್. ಹಳ್ಳಿಯವರಿಗೆ, ಓದು ಬರದವರಿಗೆ ಅಂತ ಉದ್ದೇಶ, ಕನ್ನಡದಲ್ಲಿ ಮಾತಾಡಬೇಕು ಅಂತ ಆಸೆ. ಅಗ್ಗದ ಮಾದರಿ ಸುಮಾರು 10,000 ರೂಪಾಯಿ, ಕಪ್ಪು-ಬಿಳುಪು ಸ್ಕ್ರೀನು. ಓಡಲಿಲ್ಲ. ಅದಕ್ಕಿಂತ ಒಂದು ವರ್ಷ ಮುಂಚೆ ಬಂದಿದ್ದ ನೋಕಿಯಾ 1100 ಮಾತ್ರ ಓಡ್ತು. ಪ್ರಪಂಚದಲ್ಲಿ 25 ಕೋಟಿ ಮಾರಾಟವಾಯ್ತು ಅಂತಾರೆ. ಟಾರ್ಚು, ಧೂಳು ಹೋಗದ ಕೀಪ್ಯಾಡು, ಮತ್ತೆ ಯಾರೂ ಹೊಗಳದ ಆ ಪುಟ್ಟ ಸ್ಕ್ರೀನು. ಹೂವಿನವರು, ಸೊಪ್ಪಿನವರು, ಗಾರೆ ಕೆಲಸದವರು, ಯಾರು ಬಿಸಿಲಲ್ಲಿ ನಿಂತಿದ್ರೂ ನಂಬರ್ ಕಾಣ್ತಿತ್ತು.

ನಮ್ಮತ್ತೆದೂ ಅದೇ. ಅವರಿಗೆ ಈಗ 82. ವಿಜಯನಗರದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ತನಕ ಗೇಟಿನ ಮುಂದೆ ಬಿಸಿಲಿಗೆ ಕೂರೋದು, ಆಮೇಲೆ ಒಬ್ಬರೇ ದೇವಸ್ಥಾನಕ್ಕೆ, ಹಾಪ್‌ಕಾಮ್ಸ್‌ಗೆ ಹೋಗಿ ಬರೋದು ಅಭ್ಯಾಸ. ಎರಡು ವರ್ಷದ ಹಿಂದೆ ಆ ಫೋನ್ ಪೂರ್ತಿ ಕೆಟ್ಟು, ಮೊಮ್ಮಗ ಸ್ಮಾರ್ಟ್‌ಫೋನ್ ಕೊಡಿಸ್ದ. ಮನೆಯೊಳಗೆ ಚೆಂದ. ಹೊರಗೆ ಹೋದ್ರೆ ಅವರಿಗೆ ಕಾಣೋದು ಅವರ ಕುಂಕುಮ ಮಾತ್ರ. ಕ್ಯಾಟ್‌ರಾಕ್ಟ್ ಆಪರೇಷನ್ ಆಗಿರೋ ಕಣ್ಣು ಬೇರೆ. ಯಾರು ಫೋನ್ ಮಾಡ್ತಿದ್ದಾರೆ ಅಂತ ಕಾಣದೆ ತೆಗೆಯೋದು ಬಿಟ್ರು. ಫೋನ್ ತೆಗೀತಿಲ್ಲ ಅಂತ ಮಗ ಗಾಬರಿಯಾಗಿ "ಒಬ್ಳೇ ಹೋಗ್ಬೇಡಮ್ಮ" ಅಂದ್ರು. ಆರು ತಿಂಗಳು ದೇವಸ್ಥಾನ ನಿಂತೇ ಹೋಯ್ತು. "ಕಣ್ಣು ಕಾಣಲ್ಲ ಅಂತ ಮನೇಲಿ ಕೂರಿಸಿದ್ರೆ ಒಪ್ಪಬಹುದಿತ್ತು ಕಣೇ, ಇದು ಫೋನಿಗೆ ಕಣ್ಣಿಲ್ಲ" ಅಂತ ಅವರು ಅಂದಿದ್ದು ನನಗೆ ಮರೆಯೋದೇ ಇಲ್ಲ. ಆಮೇಲೆ ನಾವು ಬಟನ್ ಫೋನ್ ತರೋಕೆ ಹೋದ್ವಿ. ಈಗಿನ ಬಟನ್ ಫೋನುಗಳಲ್ಲೂ ಬಹಳಷ್ಟಕ್ಕೆ ಬಣ್ಣದ ಸ್ಕ್ರೀನು. ನಾನು ಒಂದೊಂದನ್ನೂ ಅಂಗಡಿಯಿಂದ ಫುಟ್‌ಪಾತಿಗೆ ತಂದು, ಬಿಸಿಲಲ್ಲಿ ದೀಪ ಆರೋವರೆಗೂ ಕಾದು ನೋಡಿದೆ. ಅಂಗಡಿ ಹುಡುಗ ನಗ್ತಿದ್ದ, ನಗ್ಲಿ. ಐದನೇದರಲ್ಲಿ ದೀಪ ಆರಿದ್ಮೇಲೂ ಅಂಕಿ ಮಸುಕಾಗಿ ಕಾಣ್ತಿತ್ತು, ಜೊತೆಗೆ ಫೋನ್ ಮಾಡಿದವರ ಹೆಸರನ್ನ ಅದೇ ಕೂಗಿ ಹೇಳುತ್ತೆ. ಅದನ್ನೇ ತಂದ್ವಿ. ಅತ್ತೆ ಮತ್ತೆ ದೇವಸ್ಥಾನಕ್ಕೆ ಹೋಗ್ತಾರೆ.

ಬಿಸಿಲಿನ ಮುಂದೆ ದೀಪ ಯಾಕೆ ಸೋಲುತ್ತೆ ಅಂತ ಲೆಕ್ಕ ನೋಡಿ. ಸ್ಕ್ರೀನಿನ ಹೊಳಪನ್ನ ನಿಟ್ ಅನ್ನೋ ಅಳತೆಯಲ್ಲಿ ಹೇಳ್ತಾರೆ. ಸಾಧಾರಣ ಫೋನು 500 ನಿಟ್ ಆಸುಪಾಸು. ನಡುಮಧ್ಯಾಹ್ನದ ಬಿಸಿಲಲ್ಲಿ ಇಟ್ಟ ಬಿಳೀ ಕಾಗದ ಸುಮಾರು 25,000 ನಿಟ್! ದುಬಾರಿ ಫೋನುಗಳು 2,000 ದಾಟಿದ್ರೂ ಸೂರ್ಯನ ಜೊತೆ ಪೈಪೋಟಿ ಆಗಲ್ಲ, ಬ್ಯಾಟರಿ ಮಾತ್ರ ಕರಗುತ್ತೆ.

ಹಾಗಾದ್ರೆ ಒಳ್ಳೇ ಸ್ಕ್ರೀನ್ ಯಾಕೆ ಹೋಯ್ತು? ಬಣ್ಣ. ಪೋಲರೈಸರ್ ಅರ್ಧಕ್ಕಿಂತ ಹೆಚ್ಚು ಬೆಳಕು ತಿನ್ನುತ್ತೆ, ಕೆಂಪು ಹಸಿರು ನೀಲಿ ಫಿಲ್ಟರ್ ಮಿಕ್ಕಿದ್ದರಲ್ಲಿ ಮೂರನೇ ಎರಡು ಭಾಗ ತಿನ್ನುತ್ತೆ. ಬಣ್ಣದ ಸ್ಕ್ರೀನಲ್ಲಿ ಹಿಂದಿನ ದೀಪದ ಬೆಳಕು ನೂರಕ್ಕೆ ಹತ್ತು ಭಾಗ ಹೊರಗೆ ಬಂದ್ರೆ ಹೆಚ್ಚು. ಬಿಸಿಲಿನ ಬೆಳಕು ಆ ಫಿಲ್ಟರನ್ನ ಎರಡು ಸಲ ದಾಟಬೇಕು, ವಾಪಸ್ಸು ಬರೋದು ಮಂಕು ಬಣ್ಣ. ಅಲ್ಲದೆ ಕನ್ನಡಿಗೆ ಜಾಗ ಕೊಟ್ರೆ ಕಿಂಡಿ ಚಿಕ್ಕದಾಗಿ ಮನೆಯೊಳಗೂ ಹೊಳಪು ಕಮ್ಮಿ. ಜನ ಫೋನ್ ಆರಿಸೋದು ಟ್ಯೂಬ್‌ಲೈಟ್ ಅಂಗಡಿಯೊಳಗೆ. ಅಲ್ಲಿ ಫಳಫಳ ಅನ್ನೋದೇ ಗೆಲ್ಲೋದು. ಸೀರೆ ಅಂಗಡಿಲಿ ನಾವು ಸೀರೆನ ಬಾಗಿಲ ಹತ್ರ ತಂದು ಬೆಳಕಲ್ಲಿ ನೋಡ್ತೀವಿ, ಫೋನನ್ನ ಯಾಕೋ ಯಾರೂ ತರಲ್ಲ.

ಇದಕ್ಕೊಂದು ಉಪಾಯ ಹುಡುಕಿದ್ದು ಮೇರಿ ಲೂ ಜೆಪ್ಸನ್ ಅನ್ನೋ ಹೆಣ್ಣುಮಗಳು. ಬಡದೇಶದ ಮಕ್ಕಳಿಗೆ ಅಂತ ಅಮೆರಿಕದಲ್ಲಿ ಶುರುವಾದ ಅಗ್ಗದ ಲ್ಯಾಪ್‌ಟಾಪ್ ಯೋಜನೆಗೆ ಇವರು ಸ್ಕ್ರೀನ್ ಮಾಡಿದ್ರು, 2007ರಲ್ಲಿ ತಯಾರಿಕೆ ಶುರುವಾಯ್ತು. ಬಣ್ಣದ ಫಿಲ್ಟರನ್ನ ಕಿಂಡಿಯ ಮೇಲೆ ಮಾತ್ರ ಹಾಕಿ, ಕನ್ನಡಿ ಭಾಗವನ್ನ ಹಾಗೇ ಬಿಟ್ರು. ಒಳಗೆ ದೀಪ ಹಾಕಿದ್ರೆ ಬಣ್ಣ, ಮರದ ಕೆಳಗೆ ಕೂತು ದೀಪ ಆರಿಸಿದ್ರೆ ಪತ್ರಿಕೆ ಥರ ಚೂಪಾದ ಕಪ್ಪು-ಬಿಳುಪು. ದೀಪ ಇಲ್ದೆ 0.1 ವ್ಯಾಟ್ ಸಾಕು, ದೀಪ ಪೂರ್ತಿ ಹಾಕಿದ್ರೆ 1 ವ್ಯಾಟ್. ಆಮೇಲೆ ಅವರೇ ಪಿಕ್ಸೆಲ್ ಕ್ಯೂಐ ಅನ್ನೋ ಕಂಪನಿ ಮಾಡಿದ್ರು. ಆ ಸ್ಕ್ರೀನ್ ಹಾಕಿ ಟ್ಯಾಬ್ಲೆಟ್ ಮಾಡಿದ ಮೊದಲಿಗರು ಯಾರು ಗೊತ್ತಾ? ನಮ್ಮ ಬೆಂಗಳೂರಿನ ನೋಷನ್ ಇಂಕ್ ಕಂಪನಿಯ ಹುಡುಗರು. ಆಡಮ್ ಅಂತ ಹೆಸರು, 10.1 ಇಂಚು, 2011ರ ಜನವರಿಯಲ್ಲಿ ಬಂತು. ಮಾಮೂಲಿ ಸ್ಕ್ರೀನಿಂದು ಅಗ್ಗ, ಈ ಸ್ಕ್ರೀನಿಂದು ದುಬಾರಿ. ದೊಡ್ಡ ಕಂಪನಿಗಳ ಮುಂದೆ ನಿಲ್ಲೋಕೆ ಆಗ್ಲಿಲ್ಲ. ಪಿಕ್ಸೆಲ್ ಕ್ಯೂಐ ಕೂಡ ಕೆಲವೇ ವರ್ಷಕ್ಕೆ ಮಂಕಾಯ್ತು.

ಪುಸ್ತಕ ಓದೋ ಕಿಂಡಲ್ ಇದೇನಾ ಅಂತ ಕೇಳ್ಬಹುದು. ಅಲ್ಲ. ಅದರಲ್ಲಿರೋದು ದ್ರವ ಹರಳಲ್ಲ, ಕಪ್ಪು-ಬಿಳಿ ಪುಡಿ ಮೇಲೆ ಕೆಳಗೆ ಓಡಾಡೋ ಇ-ಇಂಕು. 2012ರಿಂದ ಬಂದ ದೀಪವೂ ಹಿಂದಿನಿಂದಲ್ಲ, ಮುಂದಿನ ಅಂಚಿನಿಂದ ಹಾಳೆ ಮೇಲೆ ಬೀಳೋದು. ಹೊಸ ಫೋನುಗಳ ಓಎಲ್‌ಇಡಿನೂ ಬೇರೆ, ಅದರ ಒಂದೊಂದು ಚುಕ್ಕಿಯೂ ತಾನೇ ಉರಿಯುತ್ತೆ. ಹೊರಗಿನ ಬೆಳಕು ಅದಕ್ಕೆ ಶತ್ರು. ಆ ಬೆಳಕು ವಾಪಸ್ಸು ಬಂದು ಕಣ್ಣಿಗೆ ಹೊಡೀದಿರ್ಲಿ ಅಂತ ಮೇಲೊಂದು ಹಾಳೆ ಅಂಟಿಸಿರ್ತಾರೆ. ಅದು ಪೋಲರೈಸರ್ ಮತ್ತು ಕಾಲಲೆ ಹಾಳೆಯ ಜೋಡಿ. ಪಂಚರತ್ನಂ 1955ರಲ್ಲಿ ಎಲ್ಲಾ ಬಣ್ಣಕ್ಕೂ ಹದ ಮಾಡಿಕೊಟ್ಟಿದ್ದು ಈ ಜಾತಿ ಹಾಳೆಯನ್ನೇ.

ಈಗ ಈ ಹಳೇ ಸ್ಕ್ರೀನು ಬದುಕಿರೋದು ಹೆಚ್ಚಾಗಿ ಓಡೋರ, ಸೈಕಲ್ ಹೊಡೆಯೋರ ಮುಂಗೈ ಮೇಲೆ. ಗಾರ್ಮಿನ್ ಕಂಪನಿಯ ಎಷ್ಟೋ ವಾಚುಗಳಲ್ಲಿ ಇದೇ ಇದೆ, ಬಿಸಿಲು ಹೆಚ್ಚಾದಷ್ಟೂ ಅಂಕಿ ಎದ್ದು ಕಾಣುತ್ತೆ. 2024ರಲ್ಲಿ ಅಮೆರಿಕದ ಡೇಲೈಟ್ ಅನ್ನೋ ಕಂಪನಿ ಇದೇ ತತ್ವದ ಒಂದು ಟ್ಯಾಬ್ಲೆಟ್ ತಂತು, ಹಗಲಿಗೆ ಹೊರಗಿನ ಬೆಳಕು, ರಾತ್ರಿಗೆ ಬುಡ್ಡಿದೀಪದ ಥರ ಹಳದಿ ಬ್ಯಾಕ್‌ಲೈಟು, ಬಣ್ಣ ಇಲ್ಲ. ಬೆಲೆ ನಮ್ಮ ಕೈಗೆಟುಕೋದಲ್ಲ.